ನಮ್ಮ ಕಾಲದಲ್ಲೂ ಇತ್ತು

ಜೀರಿಗೆ ಹುರಿಯುವ ವಾಸನೆ ಬಂದರೆ ಯಾವುದೋ ಮಗುವಿಗೆ ಹುಷಾರಿಲ್ಲ ಅನಿಸುತ್ತದೆ ನನಗೆ. ನಮ್ಮ ಅಮ್ಮನ ವೈದ್ಯವೆಲ್ಲ ಜೀರಿಗೆ ಕಷಾಯದಲ್ಲೇ ಮುಗಿಯುತ್ತಿತ್ತು. ಜ್ವರಕ್ಕೂ ಅದೇ, ಮೊಣಕಾಲು ತರಚಿದರೂ ಅದೇ. ಇವತ್ತು ಪಕ್ಕದ ಮನೆಯಿಂದ ಆ ವಾಸನೆ ಬಂದಾಗ ನೆನಪಾದದ್ದು ಮಾತ್ರ ಕಷಾಯಕ್ಕೆ ಬಗ್ಗದ ಒಂದು ಕಾಯಿಲೆ.

ಅಕ್ಕನ ಮಗಳು ಪ್ರತೀಕ್ಷಾ ಹತ್ತನೇ ತರಗತಿಯಲ್ಲಿದ್ದಾಗ, ಪರೀಕ್ಷೆಗೆ ಓದಿಕೊಳ್ಳಲೆಂದು ಚಿಕ್ಕಮಗಳೂರಿನಿಂದ ಕಳಸದ ನಮ್ಮ ಮನೆಗೆ ಬಂದಿದ್ದಳು. ವಾಪಸು ಹೊರಡುವ ಬೆಳಿಗ್ಗೆ ಕಡುಬಿನ ತಟ್ಟೆಯ ಮುಂದೆ ಕೂತವಳು ಎದೆ ಹಿಡಿದುಕೊಂಡಳು. "ಮಾವ, ಉಸಿರೇ ಸಿಗ್ತಿಲ್ಲ."

ಗಾಬರಿಯಲ್ಲೇ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದೆ. ಇಸಿಜಿ ನೋಡಿದ ಡಾಕ್ಟರು, "ಹೃದಯ ಚೆನ್ನಾಗಿದೆ. ಇದು ಪರೀಕ್ಷೆ ಭಯ. ಈಗ ಮಕ್ಕಳಲ್ಲಿ ತುಂಬಾ ನೋಡ್ತಿದ್ದೀವಿ. ಬೈಬೇಡಿ, ಕೌನ್ಸೆಲರ್ ಹತ್ರ ಕರ್ಕೊಂಡು ಹೋಗಿ" ಅಂದರು.

ಗಾಬರಿ ಇಳಿದ ಮೇಲೆ ನನ್ನಂಥವರಿಗೆ ಭಾಷಣ ಬರುತ್ತದೆ, ನೀವು ಕಂಡಿರಬಹುದು. ಮನೆಗೆ ಬಂದವನೇ ಶುರು ಮಾಡಿದೆ. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಮಾರಾಯ್ತಿ!"

ಪ್ರತೀಕ್ಷಾ ತಲೆ ತಗ್ಗಿಸಿದಳು. "ನಾನು ಪರೀಕ್ಷೆ ಬರೆಯಲ್ಲ ಮಾವ. ಸ್ಕೂಲೇ ಬೇಡ."

"ನಮ್ಮ ಕಾಲದಲ್ಲೂ ಇತ್ತು ಕಣೋ" ಎಂದಳು ಅಮ್ಮ, ಅಡುಗೆಮನೆ ಬಾಗಿಲಲ್ಲಿ ನಿಂತು. "ಶಾಲೆಗೆ ಹೋಗೋ ದಾರೀಲಿ ಹಳ್ಳ ದಾಟೋಕೆ ಒಂದು ಮರದ ಸಂಕ ಇತ್ತು. ಅದರ ಹತ್ರ ಬಂದ್ರೆ ನನ್ ಕೈಯೆಲ್ಲ ತಣ್ಣಗೆ, ಉಸಿರು ಗಂಟ್ಲಲ್ಲೇ. ಗಾಳಿ ಸೋಕಿದೆ ಅಂತ ದಾರ ಕಟ್ಟಿಸಿದ್ರು. ಆಮೇಲೆ ಶಾಲೇನೇ ಬಿಡಿಸಿದ್ರು."

ಓದು ತಲೆಗೆ ಹತ್ತದೆ ಶಾಲೆ ಬಿಟ್ಟೆನೆಂದು ಅಮ್ಮನೇ ಹೇಳಿ ನಮ್ಮನ್ನು ನಗಿಸುತ್ತಿದ್ದಳು. ನಾವೂ ಹಾಗೇ ನಂಬಿ ದೊಡ್ಡವರಾಗಿದ್ದೆವು.

ಅವಳು ಮೊಮ್ಮಗಳ ಕೈ ಹಿಡಿದುಕೊಂಡಳು. "ನೀನು ಬಿಡಬೇಡ ಮಗಾ. ನನ್ ಜೊತೆ ಯಾರೂ ಬರ್ಲಿಲ್ಲ. ನಿನ್ ಜೊತೆ ನಾನು ಬರ್ತೀನಿ."

ಹೋದಳು ಕೂಡ. ಕೌನ್ಸೆಲರ್ ಬಳಿಗೂ ಹೋದಳು, ಪರೀಕ್ಷೆಯ ದಿನಗಳಲ್ಲಿ ಶಾಲೆಯ ಗೇಟಿನ ಹೊರಗೆ ಎಲೆಯಡಿಕೆ ಚೀಲ ಹಿಡಿದು ಕೂತಳು. ಗಣಿತದ ದಿನ ಪ್ರತೀಕ್ಷಾಗೆ ಮತ್ತೆ ಹಾಗೇ ಆಯಿತಂತೆ. ವರಾಂಡಕ್ಕೆ ಬಂದು ನೀರು ಕುಡಿದು, ಗೇಟಿನಾಚೆ ಕೂತ ಅಜ್ಜಿಯನ್ನು ನೋಡಿ, ಒಳಗೆ ಹೋಗಿ ಬರೆದಳಂತೆ. ಪಾಸಾದಳು.

ಈಗ ಪಿಯುಸಿ. ಭಯ ಪೂರ್ತಿ ಹೋಗಿಲ್ಲ. ಬಂದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತು. ಕಳೆದ ವಾರ ಬಂದಿದ್ದವಳು ಜಗಲಿಯಲ್ಲಿ ಅಮ್ಮನಿಗೂ ಅದನ್ನೇ ಕಲಿಸುತ್ತಿದ್ದಳು. "ಉಸಿರು ಮೆಲ್ಲಗೆ ಎಳ್ಕೊಳ್ಳಿ ಅಜ್ಜಿ. ಈಗ ಇನ್ನೂ ಮೆಲ್ಲಗೆ ಬಿಡಿ."

ಅಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಕಣ್ಣು ತೆರೆದು ಮೊಮ್ಮಗಳ ಕಡೆ ತಿರುಗಿದಳು.

"ಇಷ್ಟೇನಾ? ಇಷ್ಟು ಹೇಳ್ಕೊಡೋಕೆ ಆಗ ಯಾರಿಗೂ ಗೊತ್ತಿರ್ಲಿಲ್ವಲ್ಲ ಮಗಾ."

ಚಪ್ಪಲಿ ಬಿಟ್ಟು ನಾನೂ ಅವರ ಪಕ್ಕ ಕೂತೆ.