ಸಂಕಪ್ಪಣ್ಣನ ಹಾಳೆಯ ಗುರಿಕಿಂಡಿ

ಬೆಳ್ತಂಗಡಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ಹೋಟೆಲು ನಡೆಸುತ್ತಿದ್ದ ಮುಂಡಾಜೆಯ ಸಂಕಪ್ಪನವರಿಗೆ ಗಾಜಿನ ಮೇಲೆ ದ್ವೇಷವೇನೂ ಇರಲಿಲ್ಲ. ಅವರು ಚಹಾ ಕೊಡುತ್ತಿದ್ದುದು ಗಾಜಿನ ಲೋಟದಲ್ಲಿ. ಗೋಳಿಬಜೆ ಇಡುತ್ತಿದ್ದುದು ಗಾಜಿನ ಕಪಾಟಿನಲ್ಲಿ. ಅವರ ವಿರೋಧವಿದ್ದದ್ದು ಕಣ್ಣಿನ ಮುಂದಿನ ಗಾಜಿಗೆ ಮಾತ್ರ, ಅದರಲ್ಲೂ ಬೇರೆಯವರ ಕಣ್ಣಿನ ಮುಂದಿನದಕ್ಕೆ.

ಐವತ್ತರ ದಶಕದ ಕೊನೆಗೆ ಆ ಕಡೆಯ ಹಲವು ಮನೆಗಳಲ್ಲಿ ಏರ್‌ಗನ್ನುಗಳಿದ್ದವು. ಮಂಗ, ಅಳಿಲುಗಳನ್ನು ಓಡಿಸಲು ತಂದವು. ಮಂಗ, ಅಳಿಲುಗಳಿಗೆ ಅದರಿಂದ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ಆದರೆ ಒಂದು ಕ್ಲಬ್ಬು ಹುಟ್ಟಿತು. ಅಕ್ಕಿ ಮಿಲ್ಲಿನ ಯಜಮಾನ ಮುಂಡಪ್ಪನವರು ಅಧ್ಯಕ್ಷರಾದರು. ಅವರ ಮಿಲ್ಲಿಗೆ ಉದ್ದನೆಯ ಮಾಡು ಇದ್ದದ್ದೇ ಅರ್ಹತೆ. ವರ್ಷಕ್ಕೊಮ್ಮೆ ಆ ಮಾಡಿನ ಕೆಳಗೆ ಸ್ಪರ್ಧೆ. ಬಂಟ್ವಾಳ, ಮೂಡುಬಿದಿರೆಗಳಿಂದಲೂ ಜನ ಬರುತ್ತಿದ್ದರು. ಗೆದ್ದವನಿಗೆ ಒಂದು ಬೆಳ್ಳಿಯ ಬಣ್ಣದ ಕಪ್ಪು. ಮರುವರ್ಷ ಅದನ್ನು ಹಿಂದೆ ಕೊಡಬೇಕು. ಸತತ ಮೂರು ವರ್ಷ ಗೆದ್ದರೆ ಕಪ್ಪು ಶಾಶ್ವತವಾಗಿ ಅವನದು.

ಮಂಗಳೂರಿನಿಂದ ಯಾರೋ ತಂದ ನಿಯಮಗಳಲ್ಲಿ ಗುರಿ ನೋಡುವ ಸಾಧನಗಳ ಬಗ್ಗೆ ಎರಡು ಮಾತಿತ್ತು. ಕೋವಿಯ ಮೇಲೆ ದುರ್ಬೀನು, ಮಸೂರ ಯಾವುದನ್ನೂ ಕಟ್ಟಬಾರದು. ಹೊಡೆಯುವವನು ಕನ್ನಡಕ ಹಾಕಿಕೊಳ್ಳಬಹುದು. ಮೊದಲ ವರ್ಷ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಬಟ್ಟೆ ವ್ಯಾಪಾರಿ ಅಬ್ದುಲ್ ಸಮದರಿಗೆ ಕಪ್ಪು ಹೋಯಿತು ಎಂಬುದನ್ನು ಬಿಟ್ಟರೆ. ಸಮದರಿಗೆ ಆಗಷ್ಟೇ ಚಾಳೀಸು ಬಂದಿತ್ತು. ನಲವತ್ತು ದಾಟಿದವರ ಆ ಕನ್ನಡಕ ಹಾಕಿದರೆ ದೂರದ ಗುರಿಯ ಕಾರ್ಡು ತುಸು ಮಬ್ಬಾದರೂ, ಕೊಳವೆಯ ತುದಿಯ ಮಣಿ ಸೂಜಿಯಂತೆ ಸ್ಪಷ್ಟ. ಗುರಿಗಾರನಿಗೆ ಬೇಕಾದದ್ದು ಮಣಿಯೇ.

ಎರಡನೆಯ ಸ್ಥಾನ ಸಂಕಪ್ಪನವರದಾಗಿತ್ತು. ಸಮಿತಿಯ ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತರು.

"ಇವತ್ತು ಚಾಳೀಸು. ನಾಳೆ ದುರ್ಬೀನು. ನಾಡಿದ್ದು ಕಾರ್ಡನ್ನೇ ಹತ್ತಿರ ತಂದು ಇಡಿ ಅಂತಾರೆ. ಮನುಷ್ಯನ ಕಣ್ಣಿಗೆ ಮರ್ಯಾದೆ ಬೇಡವಾ ಮಾರಾಯ್ರೇ?"

ಸಭೆಯಲ್ಲಿದ್ದವರೆಲ್ಲ ಅವರ ಹೋಟೆಲಿನ ಗಿರಾಕಿಗಳು. ಹೊಸ ನಿಯಮ ಪಾಸಾಯಿತು: ಕಣ್ಣಿಗೂ ಕಾರ್ಡಿಗೂ ನಡುವೆ ಗಾಜಿನ ಚೂರೂ ಇರಕೂಡದು. ಸಂಕಪ್ಪನವರು ಅದನ್ನು ಮಿಲ್ಲಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದರು. ಸಮದರಿಗೆ ಬೇಸರವಾಗಬಾರದೆಂದು ಅವರನ್ನೇ ಕೋವಿಗಳ ಪರೀಕ್ಷಕರನ್ನಾಗಿ ಸೂಚಿಸಿದ ಉದಾರಿಯೂ ಅವರೇ.

ಸಮದರು ಒಪ್ಪಿದರು. ಒಂದು ಅಭ್ಯಾಸ ಮಾತ್ರ ಬಿಡಲಿಲ್ಲ. ಪ್ರತಿವರ್ಷ ಸ್ಪರ್ಧೆಗೆ ಹೆಸರು ಕೊಡುತ್ತಿದ್ದರು. ಕೊನೆಯಲ್ಲಿ ಹೆಸರು ಕರೆದಾಗ "ಈ ವರ್ಷ ಬೇಡ" ಎನ್ನುತ್ತಿದ್ದರು. ಜನ ನಗುತ್ತಿದ್ದರು, ಅವರೂ ನಗುತ್ತಿದ್ದರು.

ಮುಂದೆ ಸಂಕಪ್ಪನವರು ಎರಡು ವರ್ಷ ಸತತವಾಗಿ ಗೆದ್ದರು. ಮೂರನೆಯ ಗೆಲುವಿನ ಬಗ್ಗೆ ಸಂಶಯವಿಲ್ಲದ್ದರಿಂದ ಗಲ್ಲಾಪೆಟ್ಟಿಗೆಯ ಹಿಂದೆ ಕಪ್ಪಿಗೆಂದು ಗಾಜಿನ ಬಾಗಿಲಿನ ಗೂಡೊಂದನ್ನು ಮಾಡಿಸಿದರು. ಊರಿಗೆಲ್ಲ ತೋರಿಸಿದರು. ಆ ಹೊತ್ತಿಗೇ ಅವರು ಪತ್ರಿಕೆಯನ್ನು ತೋಳು ಚಾಚಿ ಹಿಡಿದು ಓದತೊಡಗಿದ್ದರು.

"ಇನ್ನು ಓದಬೇಕಾದರೆ ಪೇಪರನ್ನು ರಸ್ತೆಯ ಆಚೆ ಕಟ್ಟಬೇಕಾದೀತು," ಎಂದರು ಹೆಂಡತಿ ಕಾಂತಿ. "ಒಂದು ಚಾಳೀಸು ತರಬಾರದಾ?"

"ಅಕ್ಷರ ಸಣ್ಣ ಮಾಡಿದ್ದಾರೆ. ಕಾಗದದ ಖರ್ಚು ಉಳಿಸಲಿಕ್ಕೆ."

ತೋಟದಲ್ಲಿ ಅಭ್ಯಾಸಕ್ಕೆ ಕೋವಿ ಎತ್ತಿದಾಗ ಮಾತ್ರ ಅಂಥ ವಿವರಣೆ ಸಿಗಲಿಲ್ಲ. ಕಾರ್ಡು ಕಾಣುತ್ತಿತ್ತು. ಮುಂದಿನ ಮಣಿಯೂ ಹಿಂದಿನ ಸೀಳೂ ಕಲಸಿ ಹಿಟ್ಟಾಗಿದ್ದವು. ಒಂದು ದಿನ ಅವರು ವೇಣೂರಿನ ಮೇಲೆ ಹೋಗುವ ಬಸ್ಸು ಹಿಡಿದು, ಊರಿನವರು ಯಾರೂ ಸಿಗಲಾರರೆಂದು ಮೂಡುಬಿದಿರೆಗೆ ಹೋದರು. ಕನ್ನಡಕ ಹರಡಿ ಕುಳಿತವನೊಬ್ಬ ಮೂಗಿಗೆ ಒಂದನ್ನು ಏರಿಸಿದ. ತಮ್ಮ ಬೆರಳಿನ ಗೆರೆಗಳನ್ನು ಸಂಕಪ್ಪನವರು ಬಹಳ ದಿನಗಳ ಮೇಲೆ ನೋಡಿದರು. ಆಗ ಹಿಂದಿನಿಂದ "ಏನು ಸಂಕಪ್ಪಣ್ಣ, ಇಲ್ಲಿ?" ಎಂದು ಕೇಳಿಸಿತು. ಅಕ್ಕಿ ಮೂಟೆಗಳ ಲಾರಿಯ ಜೊತೆ ಮುಂಡಪ್ಪನವರು ಬಂದಿದ್ದರು. ಕನ್ನಡಕ ಕೂಡಲೇ ಕೆಳಗಿಳಿಯಿತು.

"ಹೆಂಡತಿಗೆ ನೋಡುವ ಅಂತ."

"ಮತ್ತೆ ನೀವು ಹಾಕಿಕೊಂಡದ್ದು?"

"ಗಟ್ಟಿ ಉಂಟಾ ಅಂತ ನೋಡಿದೆ."

ಬರಿಗೈಯಲ್ಲಿ ಬಂದರು. ಪರಿಹಾರ ಕಂಡದ್ದು ಮರುದಿನದ ತಿಂಡಿಯಲ್ಲಿ. ನೀರುದೋಸೆಯನ್ನು ಕೈಯಲ್ಲಿ ಎತ್ತಿದಾಗ ಅದರ ತೂತೊಂದರ ಮೂಲಕ, ಪಕ್ಕದಲ್ಲೇ ತೂಗುತ್ತಿದ್ದ ಕ್ಯಾಲೆಂಡರಿನ ಸಣ್ಣ ಅಕ್ಷರಗಳು ಒಂದೊಂದಾಗಿ ಕಂಡವು. ದೋಸೆ ಇಳಿಸಿದರೆ ಮಾಯ. ಎತ್ತಿದರೆ ಪ್ರತ್ಯಕ್ಷ.

"ತಿನ್ನಲಿಕ್ಕೆ ಹಾಕಿದ್ದು, ಇಣುಕಲಿಕ್ಕಲ್ಲ," ಎಂದರು ಕಾಂತಿ.

ಅವರು ಕೇಳಿಸಿಕೊಳ್ಳಲಿಲ್ಲ. ದೋಸೆಯನ್ನು ಕೋವಿಗೆ ಕಟ್ಟುವಂತಿಲ್ಲ ಎಂಬ ವಿವೇಕ ಅವರಿಗಿತ್ತು. ಅಡಿಕೆ ಮರದ ಹಾಳೆಯನ್ನು ನೀರಲ್ಲಿ ನೆನೆಸಿ ಮೆತ್ತಗಾಗಿಸಿ ಕಾಸಿನಗಲ ಕತ್ತರಿಸಿದರು. ಬಾಗಿಸಿ ಒಣಗಿಸಿದರು. ಮಧ್ಯದಲ್ಲಿ ಸೂಜಿಯಿಂದ ತೂತು ಮಾಡಿ ಹಿಂದಿನ ಸೀಳಿನ ಮೇಲೆ ನಿಲ್ಲಿಸಿ ಕಟ್ಟಿದರು. ಕಿಂಡಿಯಲ್ಲಿ ಮಣಿಯೂ ಕಾರ್ಡೂ ಎರಡೂ ಸ್ಪಷ್ಟ. ಗಾಜಿನ ಚೂರೂ ಇಲ್ಲ.

ಸ್ಪರ್ಧೆಯ ದಿನ ಸಮದರು ಪರೀಕ್ಷಕರ ಬಿಳಿ ಪಟ್ಟಿ ತೋಳಿಗೆ ಕಟ್ಟಿ, ಚಾಳೀಸು ಹಾಕಿ, ಆ ಹಾಳೆಯ ಬಿಲ್ಲೆಯನ್ನು ಬಹಳ ಹೊತ್ತು ನೋಡಿದರು.

"ಇದೇನು ಸಂಕಪ್ಪಣ್ಣ, ಕೋವಿಯ ತಲೆಗೂ ಮುಟ್ಟಾಳೆ ಟೊಪ್ಪಿಯಾ?"

"ಗಾಜು ಉಂಟಾ ಸಮದಾಕ?"

"ಇಲ್ಲ."

"ಮತ್ತೆ ಹಾಳೆಗೆ ನಿಯಮ ಉಂಟಾ?"

"ಗೋಡೆಯಲ್ಲಿ ಇಲ್ಲ," ಎಂದು ಸಮದರು ಕೋವಿ ಹಿಂದೆ ಕೊಟ್ಟರು.

ಗೋಡೆಯಲ್ಲಿ ಇಲ್ಲದ ಇನ್ನೊಂದು ಸಂಗತಿ ಭತ್ತ. ಹಿಂದಿನ ಎರಡು ದಿನದಿಂದ ನೆನೆಹಾಕಿದ ಭತ್ತವನ್ನು ಆ ದಿನವೇ ಬೇಯಿಸಬೇಕಿತ್ತು. ಕುಚ್ಚಲಕ್ಕಿಯ ಭತ್ತ ಕ್ಲಬ್ಬಿಗಾಗಿ ಕಾಯುವುದಿಲ್ಲವೆಂದು ಅಧ್ಯಕ್ಷರು ಒಲೆ ಹೊತ್ತಿಸಿದ್ದರು. ಮಾಡಿನ ತುಂಬ ಬಿಸಿ ಹಬೆ. ಹಾಳೆ ಮೆತ್ತಗಾಗುವುದು ಯಾವಾಗ ಎಂದು ಆ ಊರಿನಲ್ಲಿ ತಿಳಿಯದವರಿಲ್ಲ. ಸಂಕಪ್ಪನವರಿಗೂ ತಿಳಿದಿತ್ತು. ಅಂದು ನೆನಪಾಗಲಿಲ್ಲ.

ಮೊದಲ ಗುಂಡು ಕಾರ್ಡಿನ ನಡುವಿನ ಕಪ್ಪು ಬೊಟ್ಟಿಗೆ ಬಿತ್ತು. ಎರಡನೆಯದು ಅದರ ಅಂಚಿಗೆ. ಆಮೇಲೆ ಹಾಳೆ ಬಾಡಿದ ಎಲೆಯಂತೆ ಬಗ್ಗುತ್ತಾ ಬಂತು. ಕಿಂಡಿ ಕೆಳಗಿಳಿದಂತೆ ಗುಂಡುಗಳೂ ಕಾರ್ಡಿನಲ್ಲಿ ಕೆಳಗಿಳಿದವು. ಒಂದು ಗುಂಡು ಕಾರ್ಡಿನ ಕೆಳಗಿನ ಹಲಗೆಗೆ ಬಿದ್ದಾಗ ಬಂಟ್ವಾಳದ ಕಡೆಯವರೊಬ್ಬರು ಕೂಗಿದರು: "ಕಾರ್ಡನ್ನು ಇಳಿಸಿ ಮಾರಾಯ್ರೇ, ಅಣ್ಣನಿಗೆ ಸೊಂಟ ನೋವಿರಬೇಕು!"

ಅರ್ಧ ಗುಂಡುಗಳು ಉಳಿದಿದ್ದವು. ಸಂಕಪ್ಪನವರು ಗೋಡೆಯನ್ನು ನೋಡಿದರು, ಸಮದರ ಮೂಗನ್ನು ನೋಡಿದರು. ಹೋಟೆಲಿನ ಖಾಲಿ ಗೂಡನ್ನೂ ನೆನೆದಿರಬೇಕು. ಕೋವಿ ಕೆಳಗಿಟ್ಟರು.

"ಅಧ್ಯಕ್ಷರೇ, ಆ ನಿಯಮ ತಪ್ಪು."

"ಯಾವುದು? ನೀವು ಬರೆಸಿದ್ದಾ?"

"ಹೌದು."

"ಯಾವಾಗಿಂದ ತಪ್ಪು?"

"ಈಗಷ್ಟೇ ಗೊತ್ತಾಯಿತು. ನನಗೆ ಮಣಿ ಕಾಣುವುದಿಲ್ಲ. ಚಾಳೀಸು ಬೇಕು."

ಮಾಡಿನ ತುಂಬ ನಗು ಎದ್ದಿತು. ಬಂಟ್ವಾಳದವರು ಆಕ್ಷೇಪಿಸಬಹುದಿತ್ತು; ನಗುವಿನ ನಡುವೆ ಮರೆತರು. ಸಮದರು ನಗಲಿಲ್ಲ.

"ನಿಯಮ ಹೋಗುವುದಾದರೆ ಎಲ್ಲರಿಗೂ ಹೋಗಬೇಕು. ಒಬ್ಬರಿಗೆ ಮಾತ್ರ ಅಲ್ಲ."

"ಎಲ್ಲರಿಗೂ ಹೋಗಲಿ," ಎಂದರು ಸಂಕಪ್ಪನವರು, ಅವಸರದಲ್ಲಿ.

ಅಧ್ಯಕ್ಷರು ತಲೆಯಾಡಿಸಿದರು. ಸಮದರು ತಮ್ಮ ಚಾಳೀಸು ಕಳಚಿ, ಹಬೆ ಕೂತ ಗಾಜನ್ನು ಮಲ್ಲು ಬಟ್ಟೆಯ ತುಂಡಿನಲ್ಲಿ ಒರೆಸಿ, ಸಂಕಪ್ಪನವರ ಮೂಗಿನ ಮೇಲಿಟ್ಟರು. ಹಾಳೆ ಕಿತ್ತು ಬಿಸಾಡಿದ್ದಾಯಿತು. ಪ್ರತಿ ಗುಂಡಿಗೂ ಮೊದಲು ಕನ್ನಡಕ ಒರೆಸಬೇಕಾಯಿತು; ಒರೆಸಿದವರು ಸಮದರೇ. ಉಳಿದ ಗುಂಡುಗಳೆಲ್ಲ ಕಪ್ಪು ಬೊಟ್ಟಿನೊಳಗೇ ಬಿದ್ದವು. ಲೆಕ್ಕ ಹಾಕಿದಾಗ ಸಂಕಪ್ಪನವರು, ಅದುವರೆಗೆ ಮೇಲಿದ್ದ ಬಂಟ್ವಾಳದವರಿಗಿಂತ ಕೂದಲೆಳೆಯಷ್ಟು ಮುಂದಿದ್ದರು. ಅಧ್ಯಕ್ಷರು ಕಪ್ಪನ್ನು ಒರೆಸಿ ಮೇಜಿನ ಮೇಲಿಟ್ಟರು.

"ಇನ್ನು ಕೊನೆಯ ಹೆಸರು," ಎಂದರು ಮುಂಡಪ್ಪನವರು, ರೂಢಿಗೆ. "ಅಬ್ದುಲ್ ಸಮದ್."

ಸಮದರು ತೋಳಿನ ಬಿಳಿ ಪಟ್ಟಿ ಬಿಚ್ಚಿ ಅಧ್ಯಕ್ಷರ ಕೈಗೆ ಕೊಟ್ಟರು.

"ಸಂಕಪ್ಪಣ್ಣ, ನನ್ನ ಚಾಳೀಸು. ಹಾಗೇ ನಿಮ್ಮ ಕೋವಿ."

ಕೊಡದಿರಲು ಕಾರಣವೇನೂ ಗೋಡೆಯಲ್ಲಿರಲಿಲ್ಲ. ಸಮದರು ಅವಸರವಿಲ್ಲದೆ ಹೊಡೆದರು. ಸಂಜೆಯಾಗುವ ಮೊದಲೇ ಕಪ್ಪು ಅವರ ಅಂಗಡಿ ಸೇರಿತ್ತು.

ಹೋಟೆಲಿನ ಹೊಸ ಗೂಡಿನಲ್ಲಿ ಕಾಂತಿ ಬನ್ನುಗಳನ್ನು ಇಟ್ಟರು. ಬನ್ನಿನ ವ್ಯಾಪಾರ ಹೆಚ್ಚಿತು. ಸಂಕಪ್ಪನವರು ಮೂಡುಬಿದಿರೆಗೆ ಮತ್ತೊಮ್ಮೆ ಹೋಗಿ, ಈ ಸಲ ಗಟ್ಟಿ ಉಂಟಾ ಎಂದು ನೋಡದೆ, ಚಾಳೀಸು ತಂದರು. ಗೋಡೆಯ ನೀಲಿ ಅಕ್ಷರಗಳ ಮೇಲೆ ಸುಣ್ಣ ಬಿತ್ತು. ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪ ಇಣುಕುತ್ತಿದ್ದವು.

ಮರುವರ್ಷ ಪರೀಕ್ಷಕರ ಹುದ್ದೆ ಖಾಲಿ ಇತ್ತು. ಸಂಕಪ್ಪನವರಿಗೆ ಬೇಸರವಾಗಬಾರದೆಂದು ಅವರ ಹೆಸರನ್ನು ಸೂಚಿಸಿದವರು ಸಮದರು. ಸಂಕಪ್ಪನವರು ಬಿಳಿ ಪಟ್ಟಿ ಕಟ್ಟಿಕೊಂಡು ಒಂದೊಂದು ಕೋವಿಯನ್ನೂ ಚಾಳೀಸಿನ ಒಳಗಿಂದ ಪರೀಕ್ಷಿಸಿದರು. ಸಮದರ ಸರದಿ ಬಂದಾಗ ಕೋವಿ ನೋಡಿದ ಮೇಲೆ ತಲೆ ಎತ್ತಿ ಅವರ ಮುಖವನ್ನು ದಿಟ್ಟಿಸಿದರು.

"ಗಾಜು ಉಂಟು," ಎಂದರು.

"ಉಂಟು. ನಿಮ್ಮಲ್ಲೂ ಉಂಟು."

"ಒರೆಸಿಕೊಳ್ಳಿ ಸಮದಾಕ. ಇವತ್ತೂ ಭತ್ತ ಬೇಯಿಸ್ತಾ ಇದ್ದಾರೆ," ಎಂದು ಹೇಳಿ ಸಂಕಪ್ಪನವರು ತಮ್ಮ ಹೆಸರನ್ನು ಸ್ಪರ್ಧೆಗೆ ಕೊಡಲು ಅಧ್ಯಕ್ಷರ ಮೇಜಿನತ್ತ ನಡೆದರು.