ಒತ್ತಿ ಬರೆಯಲು ಕಲಿಸಿದ ಇಂಗ್ಲಿಷ್ ಮೇಡಂ

ಬರವಣಿಗೆಯ ಇಂಗ್ಲಿಷನ್ನು ಕಲಿಸುವವರಲ್ಲಿ ಹೆಚ್ಚಿನವರು ವ್ಯಾಕರಣದ ತಪ್ಪಿಗೆ ಸಿಡುಕುತ್ತಾರೆ. ಈ ತಿಂಗಳು ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾಗುತ್ತಿರುವ ಇಂಗ್ಲಿಷ್ ಮೇಡಂ ಸಿಡುಕಿದ್ದು ಮುಖ್ಯವಾದ ಮಾತನ್ನು ಮೆಲ್ಲಗೆ ಹೇಳುವವರ ಮೇಲೆ, ಅದಕ್ಕಿಂತ ಹೆಚ್ಚಾಗಿ, ಹೇಳಿದರೂ ಕೇಳದವರ ಮೇಲೆ. ವಿದ್ಯಾರ್ಥಿಗಳು ಇಟ್ಟ ‘ಸಿಡಿಮದ್ದು’ ಎಂಬ ಹೆಸರನ್ನು ಅವರು ಬಿರುದಿನಂತೆಯೇ ಹೊತ್ತರು.

ಸೇವೆಯ ಮೊದಲ ವರ್ಷಗಳಲ್ಲಿ ಅವರೂ ಎಲ್ಲರಂತೆಯೇ. ‘ಅಬವ್ ಆಲ್’, ‘ಮೋಸ್ಟ್ ಇಂಪಾರ್ಟೆಂಟ್ಲಿ’ ಮುಂತಾದ, ಮಾತಿಗೆ ಒತ್ತು ಕೊಡುವ ಪದಗುಚ್ಛಗಳನ್ನು ಹಲಗೆಯ ಮೇಲೆ ಬರೆದು, ಪರೀಕ್ಷೆಗೆ ಬರುತ್ತದೆಂದು ಹೇಳಿ ಮುಂದೆ ಸಾಗುತ್ತಿದ್ದರು. ಆ ನೆಮ್ಮದಿಯನ್ನು ಮುರಿದದ್ದು ಹೆಣ್ಣುಮಕ್ಕಳ ಹಾಸ್ಟೆಲಿನ ಬಚ್ಚಲುಮನೆ. ದೂರು ಇಂಗ್ಲಿಷಿನಲ್ಲೇ ಇರಬೇಕೆಂಬುದು ಆಡಳಿತ ಮಂಡಳಿಯ ಕಟ್ಟಪ್ಪಣೆ. ಹುಡುಗಿಯರು ನಲ್ಲಿ, ಕಿಟಕಿ, ಫ್ಯಾನುಗಳ ಗೋಳನ್ನೆಲ್ಲ ಬರೆದು, ಕೊನೆಗೆ ‘ಆಲ್ಸೋ’ ಎಂದು ಸೇರಿಸಿ, ಗೀಸರಿನ ತಂತಿ ಸುಲಿದಿದೆಯೆಂದು ತಿಳಿಸಿದ್ದರು. ಯಾರೂ ಬಂದು ನೋಡಲಿಲ್ಲ. ಮರುವಾರ ಒಬ್ಬ ವಿದ್ಯಾರ್ಥಿನಿಗೆ ಆ ತಂತಿ ತಗುಲಿತು. ಜೀವ ಉಳಿಯಿತು, ಬಲಗೈಯ ಬೆರಳುಗಳು ಉಳಿಯಲಿಲ್ಲ.

ವಿಚಾರಣೆಯಲ್ಲಿ ಮಂಡಳಿಯ ಕಾರ್ಯದರ್ಶಿಗಳು ದೂರಿನ ಹಾಳೆಯನ್ನು ಮೇಡಂ ಮುಂದೆ ತಳ್ಳಿದರು. “ಅಷ್ಟು ಮುಖ್ಯ ಆಗಿದ್ರೆ ಹಾಗಂತ ಬರೀಬೇಕಿತ್ತು. ಕೊನೇಲಿ ‘ಆಲ್ಸೋ’ ಅಂದ್ರೆ ನಮಗೇನು ಗೊತ್ತಾಗುತ್ತೆ? ನೀವೇ ತಾನೆ ಇವರಿಗೆ ಇಂಗ್ಲಿಷ್ ಕಲಿಸೋದು?”

ಮೇಡಂಗೆ ಮೈಯೆಲ್ಲ ಉರಿದುಹೋಯಿತು. “ಹೌದು ಸಾರ್, ನಾನೇ. ‘ಆಲ್ಸೋ’ ಅಂತ ಬರೆದ್ರೆ ಕರೆಂಟು ಮೆತ್ತಗೆ ಹೊಡೆಯುತ್ತಾ? ಒತ್ತಿ ಬರೆಯೋದನ್ನ ಮಕ್ಕಳಿಗೆ ನಾನು ಕಲಿಸ್ತೀನಿ. ಓದೋದನ್ನ ನಿಮಗೆ ಯಾರು ಕಲಿಸ್ಬೇಕು?”

ಆ ಮಾತಿಗೆ ಅವರ ಬಡ್ತಿ ತಪ್ಪಿತು. ಅವರು ಜಗ್ಗಲಿಲ್ಲ. ವಿಚಾರಣೆ ಮುಗಿದರೂ ಆ ತಂತಿ ಹಾಗೆಯೇ ಇತ್ತು. ತರಗತಿಯನ್ನು ಕಾರ್ಯದರ್ಶಿಗಳ ಕೋಣೆಯ ಎದುರಿನ ಪಡಸಾಲೆಗೇ ತಂದರು. ‘ಅಬವ್ ಆಲ್’ ಎಂದು ಶುರುವಾಗಿ, ತಂತಿ ಬದಲಿಸಿ ಎಂದು ಮುಗಿಯುವ ವಾಕ್ಯವನ್ನು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು. ಒಳಗಿದ್ದವರು ಬಾಗಿಲು ಹಾಕಿಕೊಂಡರೂ ಬಿಡಲಿಲ್ಲ. ಕಡೆಗೂ ಎಲೆಕ್ಟ್ರಿಷಿಯನ್ ಬಂದ.

ಪೆಟ್ಟು ತಿಂದ ಹುಡುಗಿಯನ್ನು ಮನೆಗೆ ಕರೆಸಿಕೊಂಡು ಎಡಗೈಯಲ್ಲಿ ಬರೆಯುವುದನ್ನು ಕಲಿಸಿದರು. ಆ ಅಂತಃಕರಣಕ್ಕೂ ಸಿಡುಕಿನದೇ ದನಿ: “ಅಳೋದು ಆಮೇಲೆ, ಮೊದಲು ಬರಿ.” ಅವಳು ಡಿಪ್ಲೊಮಾ ಮುಗಿಸಿ, ಇಂದು ಎಂಜಿನಿಯರಾಗಿ ದುಡಿಯುತ್ತಿದ್ದಾಳೆ.

ಮೇಡಂ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ಅದೇ ಕಾರ್ಯದರ್ಶಿಗಳು ಶುಭಸಂದೇಶ ಕಳಿಸಿದ್ದರು. ಮೇಡಂ ಓದಲೂ ಇಲ್ಲ. “ನನ್ನನ್ನ ಹೊಗಳೋದು ಬೇಡ, ಆ ಹುಡುಗಿ ಹತ್ರ ಹೋಗಿ ತಪ್ಪಾಯ್ತು ಅನ್ನಲಿ” ಎಂದು ಹಿಂದಿರುಗಿಸಿದರು. ಕಾರ್ಯದರ್ಶಿಗಳು ಇನ್ನೂ ಹೋಗಿಲ್ಲ.

ಮೇಡಂ ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ, ಬೇಡಿ ಬಂದವರಿಗೆಲ್ಲ ಇನ್ನೂ ಪಾಠ ಹೇಳಲಿ. ಆ ಒಂದು ಕ್ಷಮೆ ಬರುವ ತನಕ ಅವರ ಕೋಪ ಎಳ್ಳಷ್ಟೂ ತಣಿಯದಿರಲಿ.