ಬಾಲವಾಡಿ ಬಾಜೂಕ ಹೊಲಿಗೆ ಮಷಿನ್

ದೋಸ್ತರೇ, ಇವತ್ತು ಮಧ್ಯಾಹ್ನ ಒಂದು ಪಂಚಾಯ್ತಿ ಬಗೆಹರಿಸಿದೆ. ನನ್ನ ತೀರ್ಪು ಐದು ನಿಮಿಷವೂ ಬಾಳಲಿಲ್ಲ.

ಹುಕ್ಕೇರಿಯ ನನ್ನ ಕಟ್ಟಡದ ಒಂದು ಕೋಣೆಯಲ್ಲಿ ಸಣ್ಣ ವಯಸ್ಸಿನ ತಾಯಂದಿರು ಹೊಲಿಗೆ ತರಬೇತಿ ಪಡೆಯುತ್ತಾರೆ. ಪಕ್ಕದ ಕೋಣೆಯಲ್ಲಿ ಅವರದೇ ಮಕ್ಕಳ ಬಾಲವಾಡಿ. ಇವತ್ತಷ್ಟೇ ಸೇರಿದ ಬಾಲವಾಡಿ ಟೀಚರ್, ಮಕ್ಕಳನ್ನು ಮಲಗಿಸುವ ಹೊತ್ತಿಗೆ ಸಿಟ್ಟಿನಿಂದ ಹೊರಗೆ ಬಂದರು.

"ಕಾಕಾ, ಈ ಸಪ್ಪಳದಾಗ ಕೂಸುಗಳು ಹೆಂಗ ಮಲಗಬೇಕ್ರಿ? ಮಷಿನ್ ಬಂದ್ ಮಾಡಸ್ರಿ. ಇಲ್ಲಾಂದ್ರ ಬಾಲವಾಡಿಗೆ ಬ್ಯಾರೆ ಜಾಗಾ ನೋಡತೀವಿ."

ಹೊಲಿಗೆ ಕಲಿಯುವ ಶಬಾನಾ ಗಾಬರಿಯಾದಳು. "ಬಾಲವಾಡಿ ದೂರ ಹೋದ್ರ ನನ್ನ ಕಲಿಯೂದು ಮುಗೀತ್ರಿ ಕಾಕಾ. ಮಗನ್ನ ನೋಡಾಕ ಮನ್ಯಾಗ ಯಾರದಾರು?"

ಎರಡೂ ಕೋಣೆಯ ಬಾಡಿಗೆ ಬರುವುದು ನನಗೇ. ಬಹಳ ಗಂಭೀರವಾಗಿ, "ಮಷಿನ್ ಬಂದ್ ಮಾಡ್ರಿ" ಎಂದೆ.

ಮಷಿನ್ ನಿಂತವು. ಕಣ್ಣು ಮುಚ್ಚುತ್ತಿದ್ದ ಮಕ್ಕಳು ಎದ್ದು ಕೂತವು. ಮೊದಲು ಶಬಾನಾಳ ಮಗ ಬಾಯಿ ತೆಗೆದ, ಹಿಂದೆಯೇ ಉಳಿದವರೆಲ್ಲ ಅಳಲು ಶುರುಮಾಡಿದರು. ದಿನಾ ಆ ಸಪ್ಪಳದಲ್ಲೇ ಮಲಗಿ ರೂಢಿ ಅವಕ್ಕೆ!

ಎರಡು ಕೂಸು ಎತ್ತಿಕೊಂಡು ಟೀಚರ್ ಕೂಗಿದರು: "ಶಬಾನಾ, ಮೊದಲ ಮಷಿನ್ ಚಾಲೂ ಮಾಡವಾ!"

"ಕಾಕಾ ಬಂದ್ ಮಾಡಂದಾರ್ರಿ" ಎಂದು ಶಬಾನಾ ಕೈಕಟ್ಟಿ ನಿಂತಳು.

ನಾನೇ ಕೈಮುಗಿದ ಮೇಲೆ ಮಷಿನ್ ಶುರುವಾದವು. ಆಮೇಲೆ ಇಣುಕಿ ನೋಡಿದರೆ ಮಕ್ಕಳ ಜೊತೆ ಟೀಚರೂ ಗೊರಕೆ ಹೊಡೆಯುತ್ತಿದ್ದರು.

ಇಷ್ಟು ದಿನ ಮಷಿನ್ ಕರೆಂಟ್ ಬಿಲ್ ಹೊಲಿಗೆಯವರೇ ಕಟ್ಟುತ್ತಿದ್ದರು. ಇನ್ನು ಅರ್ಧ ಬಾಲವಾಡಿಯದು. ಪುಕ್ಕಟೆ ಜೋಗುಳ ಯಾರು ಹಾಡತಾರ್ರಿ?